ಸುಳ್ಳು ಹೇಳಿದ ಸಾಲು

ತಾನು ಬರೆದ ತಪಾಸಣೆಯ ಸಾಫ್ಟ್‌ವೇರ್ ಟೂಲನ್ನು ದಿವ್ಯಾ ದಿನಕ್ಕೊಮ್ಮೆಯಾದರೂ ಬೇಕೆಂದೇ ಏಮಾರಿಸಲು ನೋಡುತ್ತಿದ್ದಳು. ತಪ್ಪು ಗುರುತು ಕೊಟ್ಟರೆ ಅದು ‘ಹೊಂದುತ್ತಿಲ್ಲ, ಕೀ ಕೊಡುವುದಿಲ್ಲ’ ಎಂದು ನಿಲ್ಲಬೇಕು. ಆ ಸೋಮವಾರ ಬೆಳಿಗ್ಗೆ ಹಾಸನದ ಆಫೀಸಿನಲ್ಲಿ ಕೂತು ಹಾಗೆಯೇ ತಪ್ಪು ಗುರುತು ಕೊಟ್ಟಳು. ಪರದೆಯ ಮೇಲೆ ಬಂದದ್ದು: ‘ಎಲ್ಲ ಸರಿಯಿದೆ.’

ಇನ್ನೊಮ್ಮೆ ಕೊಟ್ಟಳು. ಮತ್ತೆ ಸರಿಯಿದೆ ಎಂದಿತು.

ಆ ಟೂಲು ಹೊಳೆನರಸೀಪುರದ ಮಹಿಳಾ ಸಮಾಲೋಚನಾ ಕೇಂದ್ರದ್ದು. ಅಲ್ಲಿ ಹೆಂಗಸರು ಬಂದು ಮನೆಯಲ್ಲಿ ಹೇಳಲಾಗದ್ದನ್ನು ಹೇಳಿಕೊಳ್ಳುತ್ತಾರೆ. ಹೋದ ವರ್ಷ ಅದರ ಅರಕಲಗೂಡು ಶಾಖೆಯ ರಿಜಿಸ್ಟರನ್ನು ಯಾರೋ ತಿರುವಿ ನೋಡಿದ್ದರು. ಗಂಡನ ಹೊಡೆತದ ಬಗ್ಗೆ ಹೇಳಿಕೊಂಡಿದ್ದ ಒಬ್ಬಾಕೆಯ ಮಾತು ಮೂರೇ ದಿನದಲ್ಲಿ ಆ ಗಂಡನ ಕಿವಿಗೆ ಬಿತ್ತು. ಆಕೆ ಮತ್ತೆ ಕೇಂದ್ರದ ಮೆಟ್ಟಿಲು ಹತ್ತಲಿಲ್ಲ. ಆಮೇಲೆಯೇ ಕೇಂದ್ರದ ಮುಖ್ಯಸ್ಥೆ ಪುಷ್ಪಾವತಿ ಹಟ ಹಿಡಿದು ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸಲು ಹೊರಟದ್ದು.

ದಾಖಲೆಗಳು ಹೋಗಿ ಕೂರುವುದು ಬೇರೊಂದು ಕಂಪನಿಯ ಸರ್ವರಿನೊಳಗೆ ಬಾಡಿಗೆಗೆ ಪಡೆದ ವರ್ಚುವಲ್ ಮಷೀನಿನಲ್ಲಿ, ಕಂಪ್ಯೂಟರಿನೊಳಗಿನದೇ ಇನ್ನೊಂದು ಕಂಪ್ಯೂಟರಿನಲ್ಲಿ. ಅದರ ಮೆಮೊರಿಯೆಲ್ಲ ಗೂಢಲಿಪಿಯಲ್ಲಿರುವುದರಿಂದ ಸರ್ವರಿನ ಒಡೆಯನೂ ಇಣುಕುವಂತಿಲ್ಲ. ಆದರೆ ಶುರುವಾಗುವಾಗಲೇ ಒಳಗೆ ಬೇರೇನನ್ನೋ ತುಂಬಿದ್ದರೆ? ಅದಕ್ಕೇ ಪ್ರತಿಸಲ ಶುರುವಾದಾಗ ಆ ಸರ್ವರಿನ ಪ್ರೊಸೆಸರ್ ಚಿಪ್, ಒಳಗೆ ಏನೇನು ಲೋಡ್ ಆಯಿತೆಂಬ ಗುರುತೊಂದನ್ನು ಸಹಿ ಹಾಕಿ ಕೊಡುತ್ತದೆ. ಪುಷ್ಪಾವತಿಯ ಲ್ಯಾಪ್‌ಟಾಪಿನಲ್ಲಿ ಒಂದು ಕಮಾಂಡ್ ಹೊಡೆದರೆ ದಿವ್ಯಾಳ ಟೂಲು ಆ ಸಹಿಯನ್ನು ಪರೀಕ್ಷಿಸಿ, ಗುರುತನ್ನು ಮೊದಲೇ ಬರೆದಿಟ್ಟ ಸರಿಯಾದ ಗುರುತಿನೊಂದಿಗೆ ತಾಳೆ ನೋಡುತ್ತದೆ. ಹೊಂದಿದರೆ ಮಾತ್ರ ದಾಖಲೆ ತೆರೆಯುವ ಕೀ ಅಲ್ಲಿಗೆ ಹೋಗುತ್ತದೆ.

“ಅನುಮಾನ ಬಂದ್ರೆ ಇದೇನ್ ಮಾಡ್ತದಮ್ಮ?” ಎಂದು ಪುಷ್ಪಾವತಿ ಮೊದಲ ದಿನವೇ ಕೇಳಿದ್ದರು.

“ನಿಂತ್ಬಿಡುತ್ತೆ ಅಕ್ಕ.”

“ಅಷ್ಟ್ ಮಾಡುದ್ರೆ ಸಾಕು ಕಣಮ್ಮ.”

ದಿವ್ಯಾಳ ಆಫೀಸಿನ ಮಾಲೀಕ ಕಾಂತರಾಜು ಮಾತ್ರ, ಅರ್ಜೆಂಟಿಗಿರಲಿ, ತಪಾಸಣೆ ಬಿಟ್ಟು ಮುಂದೆ ಹೋಗುವ ಆಯ್ಕೆಯೊಂದನ್ನು ಇಡು ಎಂದಿದ್ದ. ದಿವ್ಯಾ ಇಟ್ಟಿರಲಿಲ್ಲ. ಹಿಂದಿನ ಶುಕ್ರವಾರ ಮಷೀನಿನ ನಿಜವಾದ ಗುರುತೇ ಹೊಂದದೆ ಟೂಲು ನಿಂತಿತ್ತು. ಯಾಕೆಂದು ಕೇಳಿ ಸರ್ವರಿನ ಕಂಪನಿಯವರಿಗೆ ಅವಳು ಬರೆದದ್ದಕ್ಕೆ ಉತ್ತರ ಬಂದಿರಲಿಲ್ಲ.

ಈಗ ಕೋಡಿನ ಹಳೆಯ ಬದಲಾವಣೆಗಳನ್ನು ತೆಗೆದು ನೋಡಿದಳು. ಭಾನುವಾರ ಒಂದೇ ಒಂದು ಸಾಲು ಬದಲಾಗಿತ್ತು. ಏನೇ ಬಂದರೂ ‘ಸರಿಯಿದೆ’ ಎನ್ನುವ ಸಾಲು. ಬದಲಾಯಿಸಿದವರ ಹೆಸರು ಕಾಂತರಾಜು, ಕಾರಣ ‘ತಾತ್ಕಾಲಿಕ’. ಬದಲಾದ ಟೂಲು ಆಗಲೇ ಹೊಳೆನರಸೀಪುರಕ್ಕೆ ಹೋಗಿತ್ತು. ಇವತ್ತೇ ಹನ್ನೆರಡಕ್ಕೆ ಅಲ್ಲಿ ಹೊಸ ವ್ಯವಸ್ಥೆಯ ಉದ್ಘಾಟನೆ, ಪುಷ್ಪಾವತಿ ಆ ಕಮಾಂಡ್ ಒತ್ತುವುದರೊಂದಿಗೆ.

ಪುಷ್ಪಾವತಿಯ ಫೋನು ಆಫ್ ಆಗಿತ್ತು. ಯಾರಾದರೂ ಹೆಂಗಸು ಎದುರಿಗೆ ಕೂತಿದ್ದರೆ ಅವರು ಫೋನು ಆನ್ ಇಟ್ಟುಕೊಳ್ಳುವವರಲ್ಲ. ದಿವ್ಯಾ ಬ್ಯಾಗು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು. ದಾರಿಯುದ್ದಕ್ಕೂ ಅವಳೊಳಗೆ ಕುದಿಯುತ್ತಿದ್ದದ್ದು ಒಂದೇ: ಕೆಟ್ಟು ನಿಂತಿದ್ದರೆ ಯಾರಾದರೂ ರಿಪೇರಿ ಮಾಡುತ್ತಿದ್ದರು, ಇದಕ್ಕೆ ಕಾಂತರಾಜು ಸುಳ್ಳು ಹೇಳುವುದನ್ನು ಕಲಿಸಿದ್ದಾನೆ.

ಅವಳು ಒಳಗೆ ನುಗ್ಗಿದಾಗ ಕೇಂದ್ರದ ಹಾಲಿನಲ್ಲಿ ಹತ್ತಿಪ್ಪತ್ತು ಜನ ಕೂತಿದ್ದರು. ಪುಷ್ಪಾವತಿ ಲ್ಯಾಪ್‌ಟಾಪಿನ ಮುಂದಿದ್ದರು, ಪಕ್ಕದಲ್ಲಿ ಕಾಂತರಾಜು.

“ಅಕ್ಕಾ, ಒತ್ತಬೇಡಿ!”

“ದಿವ್ಯಾ, ಆಚೆ ಬಾರಮ್ಮ, ಮಾತಾಡೋಣ,” ಎಂದ ಕಾಂತರಾಜು ನಗುತ್ತಲೇ.

“ಆಚೆ ಯಾಕೆ ಸರ್? ಇಲ್ಲೇ ಹೇಳಿ. ತಪಾಸಣೆ ತೆಗೆದುಹಾಕಿದ್ದು ನೀವು ತಾನೆ?”

“ತೆಗ್ದಿಲ್ಲ. ಎರಡು ದಿನದ ಮಟ್ಟಿಗೆ ಸ್ವಲ್ಪ ಸಡಿಲ ಮಾಡಿದೀನಿ. ಜನನೆಲ್ಲ ಕರ್ದಾಗಿತ್ತಲ್ಲ.”

ಪುಷ್ಪಾವತಿ ಕೀಬೋರ್ಡಿನಿಂದ ಕೈ ತೆಗೆದರು. “ಅಂಗಂದ್ರೇನ್ ಸಾ? ನಾನೀಗ ಒತ್ತಿದ್ರೆ ಇದು ನೋಡ್ದೇನೇ ಸರಿ ಐತೆ ಅಂತಿತ್ತಾ?”

ಕಾಂತರಾಜು ನೀರಿನ ಬಾಟಲಿ ಎತ್ತಿಕೊಂಡ.

“ನನ್ನ ನಂಬ್ಕಂಡು ಬಂದೋರ ಮರ್ಯಾದೆ ಇದ್ರಾಗೈತೆ. ನಿಮ್ಗೆ ಸಡಿಲ ಮಾಡಕ್ಕೆ ಯಾರ್ ಹೇಳುದ್ರು?” ಪುಷ್ಪಾವತಿ ಲ್ಯಾಪ್‌ಟಾಪು ಮುಚ್ಚಿ, ಬಂದವರಿಗೆ ಕೈಮುಗಿದು, ಇವತ್ತು ಉದ್ಘಾಟನೆ ಇಲ್ಲ ಎಂದರು.

ಗುರುವಾರ ಸರ್ವರಿನವರ ಉತ್ತರ ಬಂತು. ಮಷೀನು ಶುರುಮಾಡುವ ತಂತ್ರಾಂಶದ ಹಳೆಯ ಆವೃತ್ತಿಯೊಂದನ್ನು ಅವರು ಹಾಕಿದ್ದರು, ಒಳಗೆ ನುಸುಳಲು ದಾರಿಯಿದೆಯೆಂದು ಎಲ್ಲರಿಗೂ ಗೊತ್ತಿದ್ದ ಆವೃತ್ತಿ. ‘ಸಣ್ಣ ಬದಲಾವಣೆ, ತಿಳಿಸುವುದು ಮರೆತುಹೋಯಿತು’ ಎಂದು ಬರೆದಿದ್ದರು. ಅವರು ಅದನ್ನು ಸರಿಪಡಿಸಿದ ಮೇಲೆ, ದಿವ್ಯಾ ಟೂಲಿನ ಆ ಸಾಲನ್ನು ಮೊದಲಿನಂತೆ ಮಾಡಿದ ಮೇಲೆ, ಗುರುತು ಹೊಂದಿತು. ಮುಂದಿನ ವಾರ ಹೊಳೆನರಸೀಪುರ, ಅರಕಲಗೂಡು, ಕೊನೆಯದಾಗಿ ಚನ್ನರಾಯಪಟ್ಟಣ, ಹೀಗೆ ಕೇಂದ್ರದ ಮೂರೂ ಶಾಖೆಗಳ ದಾಖಲೆಗಳು ಒಳಗೆ ಹೋದವು.

ಅಷ್ಟರಲ್ಲಿ ಕಾಂತರಾಜು ಕೇಂದ್ರಕ್ಕೊಂದು ಪತ್ರ ಕಳಿಸಿದ್ದ: ‘ನಮ್ಮ ಸಂಸ್ಥೆಯ ಮುಂಜಾಗ್ರತೆಯಿಂದ ಲೋಪ ಪತ್ತೆಯಾಗಿದೆ.’ ಅದನ್ನು ಓದಿ ದಿವ್ಯಾ ಅವನ ಟೇಬಲ್ಲಿಗೆ ಹೋದಳು.

“ಇದು ಸುಳ್ಳು ಸರ್. ಬೇರೆ ಬರೀರಿ.”

“ಬಿಡಮ್ಮ, ಕೆಲ್ಸ ಆಯ್ತಲ್ಲ.”

ಅವಳು ಬಿಡಲಿಲ್ಲ. ಬದಲಾದ ಸಾಲು, ತಾರೀಕು, ಬದಲಾಯಿಸಿದವರ ಹೆಸರು ಎಲ್ಲವನ್ನೂ ಸೇರಿಸಿ ತಾನೇ ಕೇಂದ್ರಕ್ಕೆ ಬರೆದು, ಒಂದು ಪ್ರತಿಯನ್ನು ಕಾಂತರಾಜುವಿಗೂ ಕಳಿಸಿದಳು. ಕೆಲಸ ಹೋಗಬಹುದೆಂದು ಕಾದಳು. ಹೋಗಲಿಲ್ಲ. ಇನ್ನು ಮುಂದೆ ದಿವ್ಯಾಳ ಸಹಿಯಿಲ್ಲದೆ ಟೂಲಿನ ಒಂದಕ್ಷರವೂ ಬದಲಾಗಕೂಡದೆಂದು ಪುಷ್ಪಾವತಿ ಕಾಂತರಾಜುವಿನ ಜೊತೆಗಿನ ಕರಾರಿನಲ್ಲೇ ಸೇರಿಸಿದ್ದರು.

ಒಂದು ತಿಂಗಳು ಕಾಂತರಾಜು ಅವಳನ್ನು ಮಾತಾಡಿಸಲಿಲ್ಲ. ಅವಳಿಗೂ ಮಾತಾಡಬೇಕೆನಿಸಲಿಲ್ಲ.