ಉಜ್ಜಬಾರದ ಗಾಜು

ಗಾಜು ಉಜ್ಜುವುದರಲ್ಲಿ ಅಪ್ಪನನ್ನು ಮೀರಿಸುವವರಿಲ್ಲ. ಮೂವತ್ತು ವರ್ಷದಿಂದ ಲೇಸರ್ ಪ್ರಯೋಗಾಲಯದ ಮಸೂರಗಳೆಲ್ಲ ಅವನ ಕೈಯಲ್ಲೇ ನುಣುಪಾದವು. ಅಂಥವನಿಗೆ ಅಲ್ಲೇ ವಿಜ್ಞಾನಿಯಾಗಿರುವ ಸ್ವಂತ ಮಗಳು ಹೇಳಿದ್ದೇನು? ಮೈತುಂಬ ಸಣ್ಣ ಸಣ್ಣ ಉಬ್ಬುತಗ್ಗು ಇರುವ ಗಾಜು ಮಾಡಿಕೊಡು ಅಂತ!

"ಲೇಸರ್ ಕಿರಣ ಎಲ್ಲ ಕಡೆ ಒಂದೇ ಸಮ ಇರಲ್ಲ ಅಪ್ಪಾ, ಅಲ್ಲಲ್ಲಿ ತುಂಬಾ ಪ್ರಖರ. ಅಲ್ಲೇ ಪ್ಲಾಸ್ಮಾ, ಅಂದ್ರೆ ಕಾದು ಕಾದು ಪರಮಾಣುಗಳೇ ಒಡೆದಿರೋ ಅನಿಲ, ರೊಚ್ಚಿಗೆದ್ದು ಬೆಳಕನ್ನ ವಾಪಸ್ ಎಸೆಯುತ್ತೆ. ಈ ಗಾಜು ಕಿರಣಾನ ಪುಡಿಪುಡಿ ಮಾಡಿ ಸಮನಾಗಿ ಹಂಚುತ್ತೆ."

"ಆಯ್ತು ಬಿಡಮ್ಮ" ಎಂದು ಅಪ್ಪ ಹಾಗೇ ಮಾಡಿದ. ಆದರೆ ಕೊಡುವ ಹಿಂದಿನ ದಿನ ಅದನ್ನು ಬೆಳಕಿಗೆ ಹಿಡಿದು ನೋಡಿದ. ಛೆ, ಇದನ್ನು ನನ್ನ ಕೆಲಸ ಅನ್ನುತ್ತಾರಲ್ಲ! ಒಂದೇ ಒಂದು ಸುತ್ತು ಉಜ್ಜಿದ. ಆಮೇಲೆ ಇನ್ನೊಂದು. ಕೈ ಸುಮ್ಮನಿರಬೇಕಲ್ಲ.

ಮಗಳಿಗೆ ಲೇಸರ್ ಹಾರಿಸಲು ಸಿಕ್ಕಿದ್ದು ಎರಡೇ ಸಲ. ಮೊದಲ ಸಲ ಅರ್ಧಕ್ಕರ್ಧ ಬೆಳಕು ಬಂದ ದಾರಿಯಲ್ಲೇ ಮರಳಿತು. ಅವಳ ಮುಖ ಬಾಡಿಹೋಯಿತು.

"ಎರಡು ವರ್ಷ ಹಾಕಿದ ಲೆಕ್ಕ ನೀರುಪಾಲು. ಉಳಿದಿರೋ ಒಂದು ಸಲಾನ ಬೇರೆಯವರಿಗೆ ಬಿಟ್ಟುಕೊಡ್ತೀನಿ" ಎಂದು ಹಾಳೆಗಳನ್ನು ಮಡಚತೊಡಗಿದಳು.

ನೋಡಲು ಬಂದಿದ್ದ ಅಪ್ಪ ಹಾಳೆಗಳ ಮೇಲೆ ಕೈಯಿಟ್ಟು ತಡೆದ. ಹೇಳಿದರೆ ತನ್ನ ಮೂವತ್ತು ವರ್ಷದ ಹೆಸರು ಹೋಗುತ್ತದೆ, ಹೇಳದಿದ್ದರೆ ಮಗಳ ಎರಡು ವರ್ಷ. ಅಯ್ಯೋ, ಯಾರಿಗೆ ಬೇಕು ಹೆಸರು!

"ಲೆಕ್ಕ ಸರಿಯಾಗೇ ಇದೆ ಮಗಳೇ. ಗಾಜನ್ನ ನಾನೇ ಸ್ವಲ್ಪ ಉಜ್ಜಿಬಿಟ್ಟೆ."

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ... ಚೆನ್ನಾಗೇ."

ಅವಳು ಕಣ್ಣು ಕೆಕ್ಕರಿಸಿ ನೋಡುತ್ತಿರುವಾಗಲೇ ಅಪ್ಪ ತನ್ನ ಕೋಣೆಗೆ ಓಡಿದ. ಮೊದಲು ಮಾಡಿ ನೋಡಿದ್ದ ಗಾಜೊಂದು, ಕಣ್ಣಿಗೆ ಬೀಳದಿರಲೆಂದು ಕಪಾಟಿನ ಹಿಂದೆ ತುರುಕಿದ್ದು, ಹಾಗೇ ಇತ್ತು. ಎತ್ತಿಕೊಂಡು ಬಂದ. ಈ ಸಲ ಉಜ್ಜಲಿಲ್ಲ. ಧೂಳನ್ನಷ್ಟೇ ಊದಿದ.

ಎರಡನೇ ಸಲ ಮರಳಿದ ಬೆಳಕು ನೂರಕ್ಕೆ ನಾಲ್ಕು ಪಾಲು. ಲೆಕ್ಕ ಹೇಳಿದ್ದೂ ಅಷ್ಟೇ! ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಪ್ಪನೊಬ್ಬ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ.

ಮಗಳು ಬಂದು ಅವನ ತೋಳು ಹಿಡಿದಳು. "ಯಾಕಪ್ಪಾ ಮುಖ ಹೀಗೆ? ಬರೀ ಇದೊಂದೇ ಆಗಿದ್ರೆ ಅದೃಷ್ಟ ಅಂತಿದ್ರು. ಈಗ ಉಜ್ಜಿದ್ದೂ ಇದೆ, ಉಜ್ಜದ್ದೂ ಇದೆ, ಪಕ್ಕಪಕ್ಕ ಇಟ್ಟು ತೋರಿಸ್ತೀನಿ. ಯಾರೂ ತುಟಿ ಪಿಟಕ್ ಅನ್ನಲ್ಲ. ಇನ್ನೊಂದು ಬೇಕು ನೋಡು, ಅರ್ಧ ಮಾತ್ರ ಉಜ್ಜಿದ್ದು."

"ಅರ್ಧಕ್ಕೆ ನಿಲ್ಲಿಸೋದಾ? ಅದೊಂದು ನನ್ನ ಕೈಲಾಗಲ್ಲಮ್ಮ."

"ಗೊತ್ತು. ಪಕ್ಕದಲ್ಲೇ ಕೂತು ಕೈ ಹಿಡ್ಕೋತೀನಿ" ಎಂದಳು ಮಗಳು.