ಕೂತಲ್ಲೇ ಉರಿದ ಬೆಂಕಿ

“ಗಾಬರೀಲಿ ಕೈ ಓಡ್ಲಿಲ್ಲ, ತಪ್ಪಾಯ್ತು ಅಂತ ಒಂದು ಮಾತು ಹೇಳ್ಬಿಡಮ್ಮ. ಇಲ್ಲಿಗೇ ಮುಗಿಸೋಣ,” ಎಂದರು ಉಪಗ್ರಹ ಕೇಂದ್ರದ ಮುಖ್ಯಸ್ಥರು. ಮೇಜಿನಾಚೆ ಕೂತಿದ್ದ ವಿಚಾರಣೆಯ ಅಧಿಕಾರಿಗಳು ಅವಳ ಬಾಯನ್ನೇ ನೋಡುತ್ತಿದ್ದರು.

ಗಡಿಯಾಚೆ ಕ್ಷಿಪಣಿ ಹಾರಿದರೆ ಅದರ ಬೆಂಕಿಯನ್ನು ಮೇಲಿನಿಂದಲೇ ಕಂಡು ಎಚ್ಚರಿಸುವುದು ಉಪಗ್ರಹದ ಕೆಲಸ. ಅದು ಕಂಡದ್ದನ್ನು ಪರದೆಯಲ್ಲಿ ನೋಡಿ ಸೇನೆಗೆ ತಿಳಿಸುವುದು ಅವಳ ಕೆಲಸ. ಹೋದ ವಾರ ಮಟಮಟ ಮಧ್ಯಾಹ್ನ ಪರದೆಯ ಮೇಲೆ ಬಿಳಿ ಚುಕ್ಕೆಯೊಂದು ಹೊತ್ತಿಕೊಂಡು, ಕೋಣೆಯ ಗಂಟೆ ಬಡಿದುಕೊಂಡಿತ್ತು.

“ಹಾರಿತು ಅಂತ ಹೇಳು! ಇನ್ನೇನು ನೋಡ್ತಾ ಕೂತಿದ್ದೀಯ?” ಮುಖ್ಯಸ್ಥರು ಬೆನ್ನ ಹಿಂದೆ ನಿಂತು ಕೂಗಿದ್ದರು. ಹೇಳಿದ್ದರೆ ಈ ಕಡೆಯ ಕ್ಷಿಪಣಿಗಳೂ ಸಜ್ಜಾಗುತ್ತಿದ್ದವು. ಅವಳು ಚುಕ್ಕೆಯಿಂದ ಕಣ್ಣು ಕೀಳಲಿಲ್ಲ.

“ತಡೀರಿ ಸಾರ್. ಹಾರೋ ಬೆಂಕಿ ಜಾಗ ಬಿಡುತ್ತೆ. ಇದು ಕೂತಲ್ಲೇ ಉರೀತಿದೆ.”

ಸಂಜೆಯ ಹೊತ್ತಿಗೆ ಸುದ್ದಿ ಬಂತು. ಆಚೆಯ ಊರಲ್ಲಿ ಎಣ್ಣೆ ಟ್ಯಾಂಕಿಗೆ ಬೆಂಕಿ ಬಿದ್ದಿತ್ತು. ಅಂದು ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಮಾರನೆಯ ದಿನ ಮೇಲಿನವರಿಗೆ ನಿಯಮ ನೆನಪಾಯಿತು: ಗಂಟೆ ಬಡಿದರೆ ಹೇಳಬೇಕು, ಕಾಯಬಾರದು.

ಈ ದಿನ ಬೆಳಿಗ್ಗೆ, ವಿಚಾರಣೆಗೆ ಹೊರಡುವಾಗ, ಗಂಡನೂ ಅದನ್ನೇ ಅಂದಿದ್ದ. “ತಪ್ಪಾಯ್ತು ಅಂದ್ರೆ ಬಾಯೇನು ಸವೆದುಹೋಗುತ್ತಾ?”

“ಬಾಯಿ ಸವೆಯಲ್ಲ ಕಣ್ರೀ. ಆದ್ರೆ ನಾನು ಒಪ್ಕೊಂಡ್ರೆ, ನಾಳೆ ಆ ಕುರ್ಚೀಲಿ ಕೂರೋರು ಯಾರೂ ಕಾಯಲ್ಲ.”

ಅವನು ಅವಳ ಬುತ್ತಿ ಕಟ್ಟಿಕೊಟ್ಟಿದ್ದ.

“ತಪ್ಪಾಗಿಲ್ಲ ಸಾರ್,” ಎಂದಳು ಈಗ. “ನಾಳೆ ಕೂರಿಸಿದ್ರೂ ಹಾಗೇ ಮಾಡ್ತೀನಿ.”

“ಅದು ನಿಜವಾದ ಕ್ಷಿಪಣಿಯೇ ಆಗಿದ್ದಿದ್ದರೆ?” ಹಿರಿಯ ಅಧಿಕಾರಿ ಮುಂದಕ್ಕೆ ಬಾಗಿದರು.

“ಆ ಭಯ ನನಗೂ ಇತ್ತು, ಈಗಲೂ ಇದೆ. ನನ್ನ ಮಗಳ ಶಾಲೆ ಇದೇ ಊರಲ್ಲಿದೆ. ಗಡಿಯಾಚೆಯವರ ಮಕ್ಕಳ ಶಾಲೆಗಳೂ ಆ ಊರಲ್ಲಿರ್ತವೆ. ಯೋಚಿಸಲೇಬಾರ್ದು ಅಂದ್ರೆ ಗಂಟೆಯೊಂದೇ ಸಾಕಲ್ಲ ಸಾರ್, ನನಗ್ಯಾಕೆ ಸಂಬಳ ಕೊಡ್ತೀರಿ?”

ಯಾರೋ ಕೆಮ್ಮಿದರು. ಮುಖ್ಯಸ್ಥರ ಮುಖ ಕೆಂಪೇರಿತು.

ಪರದೆಯ ಕೆಲಸದಿಂದ ಅವಳನ್ನು ತೆಗೆದು, ಹಳೆಯ ಬಿಡಿಭಾಗಗಳ ಕೋಣೆಗೆ ಹಾಕಿದರು. ಮರುದಿನ ಅವಳು ಬಾಗಿಲು ತೆಗೆದಾಗ ಒಳಗೆ ಧೂಳಿನ ಘಾಟು ಮೂಗಿಗೆ ಬಡಿಯಿತು. ಕಿಟಕಿಯೊಂದು ಇತ್ತು, ಆದರೆ ಬಣ್ಣ ಬಳಿದು ಬಳಿದು ಚೌಕಟ್ಟಿಗೇ ಅಂಟಿಕೊಂಡಿತ್ತು. ಕೈಯಲ್ಲಿ ತಳ್ಳಿದಳು, ಜಗ್ಗಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಭುಜ ಕೊಟ್ಟು ನೂಕಿದಳು. ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿ, ಕಿಟಕಿ ಧಡಾರನೆ ತೆರೆದುಕೊಂಡಿತು. ಹೊರಗೆ ಬಿಸಿಲಲ್ಲಿ, ಉಪಗ್ರಹದ ಸಂಕೇತ ಹಿಡಿಯುವ ಬಿಳಿಯ ದೊಡ್ಡ ಆಂಟೆನಾಗಳು ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು.

ಅವಳು ಕುರ್ಚಿ ಎಳೆದು, ಅವುಗಳ ಎದುರಿಗೇ ಹಾಕಿಕೊಂಡು ಕೂತಳು.