ಕಡಲ ಕಡೆಯ ಮೂಲೆ

ಲವಂಗ ಒಣಗುವ ತಿಂಗಳಲ್ಲಿ ಹತುವಾಯ್ ಊರಿನ ಮೈದಾನ ಅರ್ಧ ಚಾಪೆಗೆ, ಅರ್ಧ ಚೆಂಡಿಗೆ. ಬೆಳಗಾಗುವುದರೊಳಗೆ ಹೆಂಗಸರು ಬಂದು ಹುಲ್ಲಿನ ಮೇಲೆ ಚಾಪೆ ಹಾಸಿ ಲವಂಗ ಹರಡಿಬಿಡುತ್ತಾರೆ. ಚೆಂಡೇನಾದರೂ ಅದರ ಮೇಲೆ ಬಿತ್ತೋ, ಒದ್ದವನ ಏಳು ತಲೆಮಾರನ್ನು ಜಾಲಾಡುತ್ತಾರೆ. ತರಬೇತುದಾರ ದೋಮಿ ಅದನ್ನೂ ಪಾಠಕ್ಕೇ ಸೇರಿಸಿಕೊಂಡಿದ್ದ. "ಇವರ ಬಾಯಿಗೆ ಬೀಳದೆ ಚೆಂಡು ದಾಟಿಸೋದು ಕಲೀರಿ. ಆಮೇಲೆ ಯಾವ ಊರಿನವರೂ ನಿಮಗೆ ಲೆಕ್ಕಕ್ಕಿಲ್ಲ," ಎನ್ನುತ್ತಿದ್ದ.

ಇಪ್ಪತ್ತೆರಡು ವರ್ಷದಿಂದ ಹೀಗೇ ಕಲಿಸಿದ್ದ. ದ್ವೀಪದ ಕಪ್ ಮಾತ್ರ ಹತುವಾಯ್‌ಗೆ ಒಮ್ಮೆಯೂ ಬಂದಿರಲಿಲ್ಲ. ಈ ಸಲ ಫೈನಲ್ ತಲುಪಿದ್ದರು. ದೋಮಿಗೆ ಅರವತ್ತೊಂದು, ಎಡ ಮೊಣಕಾಲು ಮೆಟ್ಟಿಲು ಕಂಡರೆ ಹೆದರುತ್ತಿತ್ತು. ಇದೇ ಕೊನೆ ವರ್ಷ ಎಂದು ಹೆಂಡತಿ ಸಲೋಮಿನಾಗೆ ಹೇಳಿಬಿಟ್ಟಿದ್ದ. "ಹೋದ ವರ್ಷಾನೂ ಇದೇ ಹೇಳಿದ್ರಿ," ಎಂದಳು ಅವಳು, ಸಾಗು ಮರದ ಹಿಟ್ಟು ಕಲಸುತ್ತ. ಆದರೆ ಈ ಸಲ ಅವನಿಗೆ ಆ ಕಪ್ ನಿಜಕ್ಕೂ ಬೇಕಿತ್ತು, ಹಟ ಹಿಡಿದ ಮಗುವಿನ ಹಾಗೆ ಬೇಕಿತ್ತು.

ಎದುರಾಳಿ ಲೆಯಮಾನು, ಕೊಲ್ಲಿಯ ಆಚೆ ದಡದ ಮುಸ್ಲಿಮರ ಊರು. ಹತುವಾಯ್ ಕ್ರೈಸ್ತರ ಊರು. ಎರಡಕ್ಕೂ ಪೆಲಾ. ಯಾವ ಕಾಲದಲ್ಲೋ ಎರಡೂ ಊರಿನ ಹಿರಿಯರು ಒಂದೇ ಚಿಪ್ಪಿನಲ್ಲಿ ಕುಡಿದು ಮಾಡಿದ ಆಣೆ ಅದು. ನಿಮ್ಮ ಮಸೀದಿಗೆ ನಾವು ಮರ ಹೊರುತ್ತೇವೆ, ನಮ್ಮ ಚರ್ಚಿಗೆ ನೀವು ಹೊರಿ. ಹೆಣ್ಣು ಕೊಟ್ಟು ತರುವುದು ಬೇಡ, ಒಡಹುಟ್ಟಿದವರಲ್ಲವೇ. ಪೆಲಾದವರು ಬಂದು ಏನು ಕೇಳಿದರೂ ಇಲ್ಲ ಎನ್ನಬಾರದು. ಇಲ್ಲ ಎಂದವನು ಹೊಟ್ಟೆ ಊದಿಕೊಂಡು ಸತ್ತ ಕಥೆಗಳು ಎರಡೂ ದಡದಲ್ಲಿ ಬೇಕಾದಷ್ಟಿವೆ. ಕಥೆ ನಂಬದವರೂ ಕೊಡುವುದನ್ನು ಕೊಟ್ಟೇ ಕೊಡುತ್ತಾರೆ.

ಫೈನಲ್‌ಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಲೆಯಮಾನುವಿನ ದೋಣಿ ಬಂತು. ಇಳಿದವಳು ಜುಬೈದಾ, ಅಲ್ಲಿನ ತರಬೇತುದಾರ ಸಾಲೆಯ ಹೆಂಡತಿ. ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಎಲೆ ಅಡಿಕೆಯ ತಟ್ಟೆ. ಆ ತಟ್ಟೆ ಬಂತೆಂದರೆ ಏನೋ ಕೇಳಲು ಬಂದಿದ್ದಾರೆಂದೇ ಅರ್ಥ.

"ನಿಮ್ಮಣ್ಣ ನಿನ್ನೆ ಬಿದ್ಬಿಟ್ರು ದೋಮಿ. ಬಲಗೈ, ಬಲಗಾಲು ಎರಡೂ ಸ್ವಾಧೀನ ಇಲ್ಲ. ಮಾತು ತೊದಲುತ್ತೆ."

"ಅಯ್ಯೋ, ಅತ್ತಿಗೆ..."

"ಅಳೋದು ಆಮೇಲೆ. ಅವರು ಹೇಳಿ ಕಳಿಸಿದ್ದನ್ನ ಮೊದಲು ಕೇಳು. ಶನಿವಾರ ಫೈನಲ್‌ನಲ್ಲಿ ಅವರ ಜಾಗದಲ್ಲಿ ನಮ್ಮ ಹುಡುಗರ ಜೊತೆ ನೀನು ಕೂರಬೇಕಂತೆ. ಬೇರೆ ಯಾರೂ ಬೇಡವಂತೆ."

ದೋಮಿ ತಟ್ಟೆ ನೋಡಿದ, ಹೆಂಡತಿಯನ್ನು ನೋಡಿದ. ಸಲೋಮಿನಾ ನೆಲ ನೋಡಿದಳು. ಅವನು ಬಟ್ಟೆ ಸರಿಸಿ ಒಂದು ಎಲೆ ಎತ್ತಿ ಬಾಯಿಗಿಟ್ಟುಕೊಂಡ. ಒಪ್ಪಿದಂತಾಯಿತು.

ಪೆಲಾ ಇಲ್ಲದಿದ್ದರೂ ಸಾಲೆಗೆ ಅವನು ಇಲ್ಲ ಎನ್ನುತ್ತಿರಲಿಲ್ಲ. ಮೂವತ್ತೈದು ವರ್ಷದ ಹಿಂದೆ ಇಬ್ಬರೂ ಕಡಲಾಚೆಯ ದೊಡ್ಡ ಪಟ್ಟಣ ಮಕಾಸ್ಸರ್‌ನ ಒಂದೇ ಕ್ಲಬ್ಬಿಗೆ ಆಡಿದವರು, ಒಂದೇ ಕೋಣೆಯಲ್ಲಿ ಮಲಗಿದವರು. ದೋಮಿ ಆಗ ಹೆಸರು ಮಾಡಿದ್ದ ಆಟಗಾರ. ಒಂದು ಫೈನಲ್‌ನಲ್ಲಿ ಕೊನೆಯ ಪೆನಾಲ್ಟಿ ಅವನ ಪಾಲಿಗೆ ಬಂತು. ಚೆಂಡು ಕಂಬಿಯ ಮೇಲಿಂದ ಹಾರಿಹೋಯಿತು. ಮಾರನೆಯ ದಿನ ಮೀನು ಮಾರುಕಟ್ಟೆಯಲ್ಲಿ ಒಬ್ಬಳು, "ಆಟಾನ ಎಷ್ಟಕ್ಕೆ ಮಾರ್ಕೊಂಡೆ?" ಎಂದಳು. ವಾರದೊಳಗೆ ಊರಿಗೆ ಊರೇ ಅದನ್ನು ಅಂದಿತು. ಕದ್ದವನಾದರೆ ವಾಪಸು ಕೊಟ್ಟು ಕೈ ತೊಳೆದುಕೊಂಡಾನು, ಕದಿಯದವನು ಏನು ತಾನೇ ಕೊಟ್ಟಾನು? ಅವನ ಪೆಟ್ಟಿಗೆ ಹೊತ್ತುಕೊಂಡು ಹಡಗುಕಟ್ಟೆಯವರೆಗೆ ಬಂದವನು ಸಾಲೆ ಒಬ್ಬನೇ. ಮೊಣಕಾಲು ಹೋದದ್ದು ಆಮೇಲೆ, ಹೆಸರು ಹೋದದ್ದು ಮೊದಲು.

ಊರಲ್ಲಿ ತರಬೇತುದಾರನಾದ ಮೇಲೆ ದೋಮಿ ಪೆನಾಲ್ಟಿಗೆ ಒಂದೇ ಒಂದು ಹೊಡೆತ ಕಲಿಸಿದ: ನೆಲಕ್ಕೆ, ಬಲಗಡೆ, ಕಂಬದ ಬುಡಕ್ಕೆ. ಬೇರೆ ಕಡೆ ಹೊಡೆದವನು ಮೈದಾನದ ಸುತ್ತ ಹತ್ತು ಸುತ್ತು ಓಡಬೇಕು.

ಆ ಹೊಡೆತವನ್ನು ಅರೆದು ಕುಡಿದವನು ಯೋಪಿ, ಹತುವಾಯ್ ತಂಡದ ನಾಯಕ. ದ್ವೀಪಗಳ ನಡುವೆ ಮೋಟಾರು ದೋಣಿ ಓಡಿಸುತ್ತಿದ್ದ. ಏಳು ವರ್ಷಕ್ಕೆ ದೋಮಿಯ ಕೈಗೆ ಬಂದವನಿಗೆ ಈಗ ಇಪ್ಪತ್ತಾರು.

"ಹಾಗಾದ್ರೆ ಬಾಪಾ, ನಮ್ಮನ್ನ ಯಾರು ನೋಡ್ಕೊಳ್ಳೋದು?" ಎಂದ ಯೋಪಿ, ಸುದ್ದಿ ಕೇಳಿ.

"ನೀನೇ."

"ನಮ್ಮ ಗುಟ್ಟೆಲ್ಲ ಅವರಿಗೆ ಹೇಳ್ಬಿಡ್ತೀರಾ?"

"ಹೇಳ್ಬೇಕು ಮಗಾ. ಅರ್ಧ ಕೊಟ್ರೆ ಕೊಟ್ಟ ಹಾಗಲ್ಲ."

ಯೋಪಿ ಕಾಲಲ್ಲಿ ಚೆಂಡು ಉರುಳಿಸಿದ. "ಸರಿ. ನಮ್ಮ ಪೌಲು ತಿರುಗೋದ್ರಲ್ಲಿ ಎಮ್ಮೆ ಅನ್ನೋದನ್ನ ಮರೀದೆ ಹೇಳಿ. ಅವನಿಗೆ ಹೇಳಿ ಹೇಳಿ ನನಗಂತೂ ಸಾಕಾಗಿದೆ," ಎಂದು ನಕ್ಕ. ದೋಮಿಗೆ ನಗು ಬರಲಿಲ್ಲ.

ಮೂರು ಸಂಜೆ ಅವನು ಕೊಲ್ಲಿ ದಾಟಿ ಹೋದ. ಲೆಯಮಾನುವಿನ ಹುಡುಗರು ಮೊದಲ ದಿನ ಕಾಫಿ ತಂದುಕೊಟ್ಟು ಸಂಕೋಚದಿಂದ ನಿಂತಿದ್ದರು. ಮೂರನೆಯ ದಿನ ಬೈಸಿಕೊಂಡು ಓಡುತ್ತಿದ್ದರು. ಪೌಲುವಿನ ವಿಷಯ ಹೇಳಿದ. ತನ್ನವರು ಕೊನೆಯ ಹತ್ತು ನಿಮಿಷ ಹೇಗೆ ಏದುಸಿರು ಬಿಡುತ್ತಾರೆಂದು ಹೇಳಿದ. ಒಂದನ್ನು ಮಾತ್ರ ಹೇಳಲಾಗಲಿಲ್ಲ, ಯೋಪಿಯ ಪೆನಾಲ್ಟಿ. ಹೇಳಲೆಂದೇ ಗೋಲ್‌ಕೀಪರ್ ಇದ್ರಿಸ್‌ನನ್ನು ಎರಡು ಸಲ ಹತ್ತಿರ ಕರೆದ. ಎರಡು ಸಲವೂ ಕೈಗವಸು ಬಿಗಿ ಮಾಡಿ ಕಳಿಸಿದ. ಪೆನಾಲ್ಟಿ ಸಿಕ್ಕರೆ ತಾನೇ ಆ ಮಾತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಶುಕ್ರವಾರ ಸಾಲೆಯ ಹಾಸಿಗೆಯ ಬಳಿ ಕೂತ. ಸಾಲೆ ಎಡಗೈ ಎತ್ತಿ ಅವನ ಟೋಪಿಯ ಅಂಚು ಮುಟ್ಟಿದ. ಮಕಾಸ್ಸರ್‌ನಲ್ಲಿ ಇಬ್ಬರೂ ಸೇರಿ ಕಟ್ಟಿದ ಸನ್ನೆ ಅದು. ಅಂಚು ಕಡಲ ಕಡೆ ತಿರುಗಿದರೆ ಚೆಂಡು ಕಡಲ ಕಡೆ ಬರುತ್ತದೆ, ಬೆಟ್ಟದ ಕಡೆ ತಿರುಗಿದರೆ ಬೆಟ್ಟದ ಕಡೆ. ಎರಡೂ ಊರಿನ ಆಟಗಾರರು ಆ ಟೋಪಿ ನೋಡಿಕೊಂಡೇ ಬೆಳೆದವರು.

"ಎ...ಲ್ಲಾ ಹೇ...ಳಿದ್ಯಾ?" ಎಂದ ಸಾಲೆ.

"ಎಲ್ಲಾ ಹೇಳಿದೀನಿ ಅಣ್ಣ," ಎಂದ ದೋಮಿ.

ಶನಿವಾರ ಎರಡೂ ಊರಿನ ಜನ ಪಟ್ಟಣದ ಮೈದಾನದಲ್ಲಿ ಸೇರಿದರು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಬೆಟ್ಟ. ಮೊದಲರ್ಧದಲ್ಲೇ ಪೌಲು ತಿರುಗುವಷ್ಟರಲ್ಲಿ ಲೆಯಮಾನು ಗೋಲು ಹೊಡೆದಾಗಿತ್ತು. "ನೋಡ್ರೀ, ನಮ್ಮ ಮುದುಕ ಎಲ್ಲಿ ಕೂತ್ರೂ ಕೆಲಸದಲ್ಲಿ ಮೋಸ ಇಲ್ಲ," ಎಂದು ಹತುವಾಯ್ ಕಡೆಯಿಂದ ಯಾರೋ ಕೂಗಿದರು, ಜನ ನಕ್ಕರು. ದೋಮಿ ಲೆಯಮಾನುವಿನ ಹುಡುಗರನ್ನು ಗದರುವ ಬದಲು ಎರಡು ಸಲ ಮರೆತು ತನ್ನೂರಿನ ಹುಡುಗರನ್ನೇ ಗದರಿದ.

ಆಟ ಮುಗಿಯಲು ಎರಡು ನಿಮಿಷವಿತ್ತು, ಇನ್ನೂ ಆ ಒಂದೇ ಗೋಲು. ಲೆಯಮಾನುವಿನವನೊಬ್ಬನ ಕೈಗೆ ಚೆಂಡು ತಗುಲಿ ಹತುವಾಯ್‌ಗೆ ಪೆನಾಲ್ಟಿ ಸಿಕ್ಕಿತು. ಯೋಪಿ ಚೆಂಡು ಇಟ್ಟ. ಆ ಗೋಲಿನಲ್ಲಿ ಅವನ ಬಲಗಡೆ ಎಂದರೆ ಕಡಲ ಕಡೆ. ಇದ್ರಿಸ್ ತಿರುಗಿ ದೋಮಿಯನ್ನು ನೋಡಿದ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೋಮಿಗೆ ಸಾಲೆಯ ಸೊಟ್ಟಗಾದ ಬಾಯಿ ನೆನಪಾಯಿತು, ತಾನು ಬಾಯಿಗಿಟ್ಟ ಎಲೆ ನೆನಪಾಯಿತು. ಕೈ ಎತ್ತಿ ಟೋಪಿಯ ಅಂಚನ್ನು ಕಡಲ ಕಡೆ ತಿರುಗಿಸಿದ.

ಕೈ ಇಳಿಸುವಾಗಲೇ ಹೊಳೆದದ್ದು: ಯೋಪಿಯೂ ಇತ್ತಲೇ ನೋಡುತ್ತಿದ್ದ. ಹತ್ತೊಂಬತ್ತು ವರ್ಷ ಆ ಟೋಪಿ ಓದಿದವನು! ಈಗ ಅವನು ಬೆಟ್ಟದ ಕಡೆ ಹೊಡೆದರೆ ಗೋಲು. ಗೋಲಾಗಲಿ ಎಂದು ದೋಮಿಯ ಪ್ರಾಣವೆಲ್ಲ ಬೇಡಿತು. ಆದರೆ ಗೋಲಾದರೆ, ಇದ್ರಿಸ್‌ನನ್ನು ಒಂದು ಕಡೆ ಬೀಳಿಸಿ ತನ್ನವನಿಗೆ ಇನ್ನೊಂದು ಕಡೆ ತೋರಿಸಿದ ಎಂದು ಎರಡೂ ಊರು ಹೇಳುತ್ತವೆ. ಮೀನು ಮಾರುಕಟ್ಟೆಯ ಆ ಮಾತು ಮತ್ತೆ ಬರುತ್ತದೆ, ಈ ಸಲ ತನ್ನವರ ಬಾಯಿಂದಲೇ ಬರುತ್ತದೆ.

ಯೋಪಿ ಒಂದು ಗಳಿಗೆ ಹೆಚ್ಚಾಗಿಯೇ ನೋಡಿದ. ಓಡಿ ಬಂದ. ನೆಲಕ್ಕೆ, ಬಲಗಡೆ, ಕಂಬದ ಬುಡಕ್ಕೆ ಹೊಡೆದ. ಇದ್ರಿಸ್ ಅಲ್ಲೇ ಇದ್ದ.

ಲೆಯಮಾನುವಿನ ಹುಡುಗರು ದೋಮಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೆಗಲ ಮೇಲೆ ಕೂತು ಅವನು ಅಳುತ್ತಿದ್ದುದನ್ನು ಸಂತೋಷಕ್ಕೆಂದೇ ತಿಳಿದರು. ಸಂಜೆ ದೋಮಿ ಕಪ್ಪನ್ನು ಸಾಲೆಯ ಹಾಸಿಗೆಯ ಬಳಿ ಇಟ್ಟು, "ಅಣ್ಣಾ, ನಿನ್ನೆ ಸುಳ್ಳು ಹೇಳಿದೆ. ಒಂದನ್ನ ಬಚ್ಚಿಟ್ಟಿದ್ದೆ," ಎಂದ. ಸಾಲೆ ಅರ್ಧ ಬಾಯಲ್ಲೇ ನಕ್ಕ. "ಕೊ...ಟ್ಯಲ್ಲ," ಎಂದ.

ಸೋಮವಾರ ಹತುವಾಯ್ ಮೈದಾನದಲ್ಲಿ ಚಾಪೆಗಳು ಮತ್ತೆ ಹರಡಿದ್ದವು. ಯೋಪಿ ಒಬ್ಬನೇ ಗೋಲಿನ ಬಳಿ ಕೂತಿದ್ದ. ದೋಮಿ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತ.

"ಟೋಪಿ ನೋಡಿದ್ಯಲ್ಲೋ. ಮತ್ಯಾಕೋ ಅಲ್ಲಿಗೇ ಹೊಡ್ದೆ?"

"ನೀವೇ ಕಲಿಸಿದ್ದಲ್ವಾ."

"ತಲೆಹರಟೆ ಬೇಡ."

ಯೋಪಿ ಹುಲ್ಲು ಕೀಳುತ್ತ ಕೂತ. "ಮಕಾಸ್ಸರ್ ಕಥೆ ನಂಗೂ ಗೊತ್ತು ಬಾಪಾ. ಇಡೀ ಊರಿಗೇ ಗೊತ್ತು, ನಿಮ್ಮೆದುರು ಯಾರೂ ಆಡಲ್ಲ ಅಷ್ಟೆ. ಕಪ್ ಮುಂದಿನ ವರ್ಷಾನೂ ಇರುತ್ತೆ. ಆ ಮಾತನ್ನ ನೀವು ಒಂದೇ ಜನ್ಮದಲ್ಲಿ ಎರಡು ಸಲ ಕೇಳಿಸ್ಕೋಬಾರ್ದು ಅನ್ನಿಸ್ತು."

ದೋಮಿ ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡ, ಏಳು ವರ್ಷದವನಿದ್ದಾಗ ಬಿದ್ದು ಅತ್ತರೆ ಹಿಡಿಯುತ್ತಿದ್ದ ಹಾಗೆ. ಆಮೇಲೆ ಎದ್ದು, ಅಡ್ಡವಿದ್ದ ಒಂದು ಚಾಪೆಯನ್ನು ಹೆಂಗಸರ ಬೈಗುಳದ ನಡುವೆಯೇ ಎಳೆದು ಬದಿಗಿಟ್ಟು, ಚೆಂಡನ್ನು ಪೆನಾಲ್ಟಿ ಜಾಗದಲ್ಲಿಟ್ಟ.

"ಬಾ. ಎಡಗಡೆ ಹೊಡಿ."

"ಎಡಗಡೆ ಹೊಡೆದ್ರೆ ಹತ್ತು ಸುತ್ತು ಅಲ್ವಾ ಬಾಪಾ?"

"ಆ ಸುತ್ತು ನಾನು ಓಡ್ತೀನಿ," ಎಂದ ದೋಮಿ. "ನೀನು ಹೊಡಿ."